ಮಂಚದ ಅಡಿಯ ಕೈ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಪರಕೀಯರ ಭಯದ ಬಗ್ಗೆ, ಕಾದಂಬರಿಗಳು ಅದನ್ನು ಬರೆದ ಬಗೆಯ ಬಗ್ಗೆ.

ಗಡಿಯಲ್ಲೊಂದು ಸಣ್ಣ ಊರು. ಅಲ್ಲಿನ ಹೆಂಗಸರಿಗೆಲ್ಲ ಒಂದೇ ಕೆಟ್ಟ ಕನಸು. ರಾತ್ರಿ ಮಂಚದ ಅಡಿಯಿಂದ ಕಪ್ಪು ಕೈಯೊಂದು ಬಂದು ಕಾಲು ಹಿಡಿಯುತ್ತದೆ. ಗಂಡಸರಿಗೆ ಇನ್ನೊಂದು ಭಯ. ಅನಾಗರಿಕರು ಮನೆಗೆ ನುಗ್ಗಿ ಪಾತ್ರೆ ಒಡೆಯುತ್ತಾರೆ, ಪರದೆಗೆ ಬೆಂಕಿ ಇಡುತ್ತಾರೆ ಎಂದು. ಇದನ್ನೆಲ್ಲ ಕಣ್ಣಾರೆ ಕಂಡವರು ಮಾತ್ರ ಯಾರೂ ಇಲ್ಲ. ಜೆ. ಎಂ. ಕುಟ್ಸೀ 1980ರಲ್ಲಿ ಬರೆದ ‘ವೇಟಿಂಗ್ ಫಾರ್ ದ ಬಾರ್ಬೇರಿಯನ್ಸ್’ ಕಾದಂಬರಿಯ ಊರು ಇದು.

ರಾಜಧಾನಿಯಿಂದ ಕಪ್ಪು ಕನ್ನಡಕದ ಅಧಿಕಾರಿಯೊಬ್ಬ ಬರುತ್ತಾನೆ. ಶತ್ರುಗಳೆಂದು ಒಂದಷ್ಟು ಜನರನ್ನು ಹಿಡಿದು ಕಳಿಸುತ್ತಾನೆ. ನೋಡಿದರೆ ಪಾಪ, ಮೀನು ಹಿಡಿದು ಬದುಕುವವರು. ಮೊದಮೊದಲು ಊರವರಿಗೆ ಅವರು ತಮಾಷೆ. ಸುತ್ತ ನಿಂತು ಅವರು ಉಣ್ಣುವುದನ್ನು ನೋಡುತ್ತಾರೆ. ಕ್ರಮೇಣ ವಾಸನೆ, ಗಲೀಜು, ರೋಗ ಎಂದು ಗೊಣಗಾಟ ಶುರು. ಭಯ ಹೀಗೇ ಬೆಳೆಯುತ್ತದೆ ಅಲ್ವಾ? ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುದ್ದಿ 2018ರಲ್ಲಿ ನಮ್ಮ ದೇಶದಲ್ಲೇ ಎಷ್ಟೋ ಕಡೆ ಅಮಾಯಕರ ಜೀವ ತೆಗೆಯಿತು. ಅಲ್ಲಿ ಸತ್ತವರು ಹೆಚ್ಚಾಗಿ ಆ ಊರಿಗೆ ಹೊಸಬರು, ಅಷ್ಟೇ.

ಹಾಗೆಂದು ಪರದೇಶಿಯನ್ನು ದೇವರಂತೆ ಬರೆದುಬಿಟ್ಟರೆ ಸಾಕೇ? ಅದೂ ಸುಲಭದ ದಾರಿಯೇ. ಮೊಹ್ಸಿನ್ ಹಮೀದ್ ಅವರ ‘ಎಕ್ಸಿಟ್ ವೆಸ್ಟ್’, 2017ರದ್ದು, ಆ ದಾರಿ ಹಿಡಿಯುವುದಿಲ್ಲ. ಯುದ್ಧದ ಊರಿನಿಂದ ಸಯೀದ್ ಮತ್ತು ನಾದಿಯಾ ಮಾಯದ ಬಾಗಿಲುಗಳನ್ನು ದಾಟಿ ಓಡುತ್ತಾರೆ. ನಾದಿಯಾ ಮೈತುಂಬ ಕಪ್ಪು ನಿಲುವಂಗಿ ಹಾಕುತ್ತಾಳೆ, ಆದರೆ ಪ್ರಾರ್ಥನೆ ಮಾಡುವವಳಲ್ಲ. ಗಂಡಸರು ತಂಟೆಗೆ ಬರದಿರಲಿ ಎಂದು ಹಾಕುವುದು! ದೂರದಿಂದ ನೋಡಿದವರಿಗೆ ಇದು ಹೇಗೆ ಗೊತ್ತಾಗಬೇಕು? ಆ ಬಾಗಿಲುಗಳ ಉಪಾಯ ನನಗೆ ಅಷ್ಟು ಹಿಡಿಸುವುದಿಲ್ಲ. ದೋಣಿ, ಮುಳ್ಳುತಂತಿ, ದಲ್ಲಾಳಿ, ಎಲ್ಲವನ್ನೂ ಒಂದೇ ನೆಗೆತಕ್ಕೆ ದಾಟಿಸಿಬಿಡುತ್ತದೆ.

ಆದರೆ ಅದೇ ಪುಸ್ತಕದಲ್ಲಿ ಒಬ್ಬಳು ಅಜ್ಜಿ ಬರುತ್ತಾಳೆ. ಹುಟ್ಟಿದಂದಿನಿಂದ ಒಂದೇ ಮನೆಯಲ್ಲಿ ಇದ್ದವಳು. ಸುತ್ತಲಿನ ಊರು ಬದಲಾಗಿ, ಕೂತಲ್ಲೇ ವಲಸೆಗಾರಳಾದವಳು. ಈ ಅಜ್ಜಿಯನ್ನು ಕಾಸರಗೋಡಿನವರಿಗೆ ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. 1956ರ ನವೆಂಬರ್ 1ರಂದು ಇಲ್ಲಿನವರು ಯಾರೂ ಗಂಟುಮೂಟೆ ಕಟ್ಟಲಿಲ್ಲ. ಮಂಜೇಶ್ವರದವರು ಮಂಜೇಶ್ವರದಲ್ಲೇ ಇದ್ದರು, ಬದಿಯಡ್ಕದವರು ಬದಿಯಡ್ಕದಲ್ಲೇ. ದಕ್ಷಿಣ ಕನ್ನಡದ ಹೆಚ್ಚಿನ ಭಾಗ ಮೈಸೂರು ರಾಜ್ಯಕ್ಕೆ ಹೋಯಿತು, ಕಾಸರಗೋಡು ತಾಲೂಕು ಕೇರಳಕ್ಕೆ ಬಂತು. ಅರ್ಜಿ ಬರೆಯುವ ಭಾಷೆ ಬದಲಾಯಿತು. ಆ ನೋವನ್ನು ನಮ್ಮವರು ಕವಿತೆಯಲ್ಲಿ, ಭಾಷಣದಲ್ಲಿ, ಹೋರಾಟದಲ್ಲಿ ಬೇಕಾದಷ್ಟು ಹೇಳಿದ್ದಾರೆ. ಹೇಳಬೇಕಾದದ್ದೇ.

ನಾವು ಜಾಸ್ತಿ ಹೇಳದೆ ಬಿಟ್ಟದ್ದು ಇನ್ನೊಂದಿದೆ. ಬೆನ್ಯಾಮಿನ್ ಅವರ ಮಲಯಾಳಂ ಕಾದಂಬರಿ ‘ಆಡುಜೀವಿತಂ’, 2008ರದ್ದು, ನಿಮ್ಮಲ್ಲಿ ಹಲವರಿಗೆ ಗೊತ್ತು. ನಜೀಬ್ ಕೆಲಸಕ್ಕೆಂದು ಸೌದಿಗೆ ಹೋಗಿ ಮರುಭೂಮಿಯ ಆಡಿನ ದೊಡ್ಡಿಯಲ್ಲಿ ಸಿಕ್ಕಿಬೀಳುತ್ತಾನೆ. ಅರಬಾಬನ, ಅಂದರೆ ಅಲ್ಲಿನ ಧಣಿಯ, ಭಾಷೆ ಇವನಿಗೆ ಬಾರದು. ಶೌಚಕ್ಕೆ ಹೋಗಿ ಬಂದು ತೊಳೆದುಕೊಳ್ಳಲು ನೀರು ಮುಟ್ಟಿದ್ದಕ್ಕೆ ಬೆನ್ನಿಗೆ ಏಟು. ನಮಗೆ ಅದು ಶುಚಿ, ಅಲ್ಲಿ ಅದು ಆಡಿನ ಪಾಲಿನ ನೀರು ಕದ್ದ ಹಾಗೆ. ಅಲ್ಲಿಗೆ ಬಂದ ಹೊಸದರಲ್ಲಿ ನಜೀಬ್ ಒಬ್ಬ ಕೆಲಸದವನನ್ನು ನೋಡಿ ಬೆಚ್ಚಿಬೀಳುತ್ತಾನೆ. ಜಡೆಗಟ್ಟಿದ ತಲೆ, ಸ್ನಾನವಿಲ್ಲದ ಮೈ, ಭಯಂಕರ ರೂಪ. ನೋಡ್ತಾ ನೋಡ್ತಾ ನಜೀಬನ ರೂಪವೂ ಹಾಗೇ ಆಗುತ್ತದೆ. ಪರಕೀಯನ ಭಯದ ಬಗ್ಗೆ ನಾನು ಓದಿದ್ದರಲ್ಲಿ ಇದಕ್ಕಿಂತ ಖಡಕ್ಕಾದ ತಿರುವು ಇಲ್ಲ.

ಈ ಪುಸ್ತಕ ಓದಿ ಅತ್ತವರು ನಮ್ಮಲ್ಲಿ ಬಹಳ. ಗಲ್ಫಿನಲ್ಲಿ ಯಾರಾದರೂ ಇಲ್ಲದ ಮನೆ ಈ ಕಡೆ ಕಡಿಮೆ. ಈಗ ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ರಾತ್ರಿ ಅಮ್ಮ ದುಬೈಗೆ ವಿಡಿಯೋ ಕಾಲ್ ಮಾಡುತ್ತಾಳೆ. “ಊಟ ಆಯ್ತಾ ಮಗಾ? ಅಲ್ಲಿಯವರು ಸರಿಯಾಗಿ ನೋಡಿಕೊಳ್ತಾರಾ?” ಫೋನ್ ಇಟ್ಟವಳೇ ಗಂಡನಿಗೆ ಹೇಳುತ್ತಾಳೆ, “ಹಿಂದಿನ ಬಾಗಿಲಿಗೆ ಚಿಲಕ ಹಾಕಿದ್ರಾ? ಶೆಡ್ಡಿನಲ್ಲಿ ಆ ಬಂಗಾಳಿಗಳಿದ್ದಾರೆ.” ಅವರಲ್ಲಿ ಒಬ್ಬ ಒಡಿಶಾದವನಿರಬಹುದು, ಇನ್ನೊಬ್ಬ ಅಸ್ಸಾಮಿನವನು. ಹಗಲಿಡೀ ಅದೇ ಮನೆಯ ತೋಟದಲ್ಲಿ ಅಡಿಕೆ ಹೊತ್ತವರು.

ಈ ಅಮ್ಮ ಕೆಟ್ಟವಳಲ್ಲ. ಅವಳನ್ನು ಕೆಟ್ಟವಳೆಂದು ಬರೆದರೆ ಕತೆ ಅಲ್ಲೇ ಕೆಟ್ಟಿತು. ಅವಳ ಎರಡು ಮಾತೂ ನಿಜವಾದ ಆತಂಕದಿಂದ ಬಂದವು. ಎರಡನ್ನೂ ಒಂದೇ ಪುಟದಲ್ಲಿ ಇಟ್ಟು, ಯಾರ ಪರವೂ ವಕೀಲಿ ಮಾಡದೆ ಬರೆಯುವವರು ಬೇಕು. ಅದಕ್ಕೆ ಕಾಸರಗೋಡಿನಷ್ಟು ಒಳ್ಳೆಯ ಜಾಗ ಇನ್ನೊಂದಿರಲಾರದು. ಇಲ್ಲಿ ತುಳು, ಕನ್ನಡ, ಮಲಯಾಳಂ, ಬ್ಯಾರಿ, ಕೊಂಕಣಿ ಒಂದೇ ಬಸ್ಸಿನಲ್ಲಿ ಜಗಳ ಮಾಡಿಕೊಂಡು, ಒಂದೇ ಸ್ಟಾಪಿನಲ್ಲಿ ಇಳಿದು ಹೋಗುತ್ತವೆ.

ಬರೆಯುವ ಹುಡುಗ ಹುಡುಗಿಯರು ಕೇಳುತ್ತಿದ್ದರೆ ಒಂದು ಮಾತು. ಕತೆಯನ್ನು ಮನೆಯೊಳಗಿಂದ ಶುರು ಮಾಡಬೇಡಿ, ಶೆಡ್ಡಿನಿಂದ ಶುರು ಮಾಡಿ. ಆ ಹುಡುಗನೂ ರಾತ್ರಿ ತನ್ನ ಅಮ್ಮನಿಗೆ ಫೋನ್ ಮಾಡುತ್ತಾನಲ್ಲ, ನಮ್ಮ ಬಗ್ಗೆ ಏನು ಹೇಳುತ್ತಾನೋ ಅದನ್ನು ಬರೆಯಿರಿ. ನಮಸ್ಕಾರ.