ಒತ್ತಕ್ಷರಕ್ಕೆ ಜಾಗ ಬಿಡಿ

ಕೇಳುಗರಿಗೆ ನಮಸ್ಕಾರ.

ಗ್ರಾಫಿಕ್ ಡಿಸೈನ್ ಕಲಿಯುವವರು ಈಗ ಊರೂರಲ್ಲೂ ಇದ್ದಾರೆ. ಲಗ್ನಪತ್ರಿಕೆ, ಪುಸ್ತಕದ ಮುಖಪುಟ, ಅಂಗಡಿ ಬೋರ್ಡು, ಜಾತ್ರೆಯ ಫ್ಲೆಕ್ಸು, ಎಲ್ಲಕ್ಕೂ ಡಿಸೈನರ್ ಬೇಕು. ಬಣ್ಣ, ಚಿತ್ರ ಇವೆಲ್ಲ ಬೇಗ ಕೈಗೆ ಹತ್ತುತ್ತವೆ. ಅಕ್ಷರ ಜೋಡಿಸುವ ಕೆಲಸ, ಅಂದರೆ ಟೈಪೋಗ್ರಫಿ, ಮಾತ್ರ ಹಿಂದೆ ಬೀಳುತ್ತದೆ. ನಾವು ಓದುವ ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರವನ್ನು ಮುಂದಿಟ್ಟುಕೊಂಡು ಬರೆದವು. ನಾವು ಜೋಡಿಸುವುದು ಕನ್ನಡ. ಹಾಗಾಗಿ ಇದನ್ನು ಕನ್ನಡದ ಅಕ್ಷರದಿಂದಲೇ ಕಲಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹತ್ತಿರದಲ್ಲಿ ಪೆನ್ನು, ಕಾಗದ ಇದ್ದರೆ ತೆಗೆದುಕೊಳ್ಳಿ. 'ರಾಷ್ಟ್ರ' ಅಂತ ಬರೆಯಿರಿ, ಸ್ವಲ್ಪ ದೊಡ್ಡದಾಗಿ. ಷಕಾರಕ್ಕೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. ಈಗ ಅದರ ಕೆಳಗೇ 'ಕೀರ್ತಿ' ಅಂತ ಬರೆಯಿರಿ. ಮೇಲಿನ ಸಾಲಿನ ಒತ್ತು ಕೆಳಕ್ಕೆ ಇಳಿಯಿತು. ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಏರಿತು. ಸಾಲುಗಳು ಹತ್ತಿರ ಇದ್ದರೆ ಎರಡೂ ಒಂದಕ್ಕೊಂದು ತಾಗುತ್ತವೆ, ಅಲ್ವಾ?

ಇಂಗ್ಲಿಷಿನಲ್ಲಿ ಜಿ, ಪಿ, ವೈ ತರಹದ ಕೆಲವೇ ಸಣ್ಣಕ್ಷರಗಳಿಗೆ ಕೆಳಗೆ ಬಾಲ ಇದೆ. ಕನ್ನಡದಲ್ಲಿ ಒತ್ತು ಇಲ್ಲದ ಸಾಲು ಸಿಗುವುದೇ ಅಪರೂಪ. ಪುಟ ಜೋಡಿಸುವ ಸಾಫ್ಟ್‌ವೇರ್ ತಾನಾಗಿ ಕೊಡುವ ಸಾಲಿನ ಅಂತರ, ಅಂದರೆ ಒಂದು ಸಾಲಿನಿಂದ ಮುಂದಿನ ಸಾಲಿಗೆ ಇರುವ ದೂರ, ಸಾಮಾನ್ಯವಾಗಿ ಅಕ್ಷರದ ಅಳತೆಯ ಶೇಕಡಾ 120. ಅಂದರೆ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲು. ಒಂದು ಇಂಚಿಗೆ 72 ಪಾಯಿಂಟ್ ಅನ್ನುವುದು ಲೆಕ್ಕ. ಕನ್ನಡಕ್ಕೆ ಈ 12 ಸಾಲದು. ನಾನು 15ರಿಂದ ಶುರು ಮಾಡುತ್ತೇನೆ, ಫಾಂಟ್ ನೋಡಿಕೊಂಡು 16ಕ್ಕೂ ಹೋಗುತ್ತೇನೆ. ಪುಟ ಜಾಸ್ತಿ ಆಗುತ್ತದೆ ಅಂತ ಗಿರಾಕಿ ಹೇಳಿದರೆ ಅಕ್ಷರವನ್ನು ಅರ್ಧ ಪಾಯಿಂಟ್ ಇಳಿಸಿ. ಸಾಲಿನ ಅಂತರಕ್ಕೆ ಕೈ ಹಾಕಬೇಡಿ.

ಮೊಳೆ, ಅಂದರೆ ಲೋಹದ ಬಿಡಿ ಅಕ್ಷರಗಳನ್ನು, ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಈ ಅಂತರವನ್ನು ಬೆರಳಲ್ಲೇ ಹಿಡಿಯಬಹುದಿತ್ತು. ಸಾಲುಗಳ ನಡುವೆ ಸೀಸದ ತೆಳು ಪಟ್ಟಿ ಇಡುತ್ತಿದ್ದರು. ಮಿಷನರಿ ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. ಕನ್ನಡದ ಮೊಳೆ ಬಳಸಿದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. 1843ರಲ್ಲಿ ಶುರುವಾದ 'ಮಂಗಳೂರ ಸಮಾಚಾರ' ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಮೂಡಿಸಿದ್ದನ್ನು ಅಚ್ಚು ಹಾಕುವಾಗ, ಕೈಬರಹವೇ ಅಚ್ಚಾಗಬಹುದು, ಒತ್ತನ್ನು ಬೇಕಾದ ಕಡೆ ಕೂರಿಸಬಹುದು. ಮೊಳೆಯಲ್ಲಿ ಆ ಅನುಕೂಲ ಇಲ್ಲ, ಪ್ರತಿ ಮೊಳೆಗೂ ಅದರದೇ ಚೌಕ ಇದೆ. ಯಾವ ಅಕ್ಷರದ ಕೆಳಗೆ ಯಾವ ಒತ್ತು ಎಷ್ಟು ದೂರದಲ್ಲಿ ಕೂರಬೇಕು ಅನ್ನುವ ಲೆಕ್ಕವನ್ನು ಫಾಂಟ್ ಮಾಡುವವರು ಇವತ್ತಿಗೂ ಹಾಕುತ್ತಲೇ ಇದ್ದಾರೆ.

ಇನ್ನು ಫಾಂಟ್ ಆರಿಸುವುದು. ಹೊಸಬರು ಫಾಂಟಿನ ಹೆಸರು, ಅಂದ ನೋಡುತ್ತಾರೆ. ನೀವು ದಕಾರದ ಹೊಟ್ಟೆ ನೋಡಿ. 'ದನ' ಮತ್ತು 'ಧನ', ಈ ಎರಡಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಸೀಳು. 'ಬಾರ' ಮತ್ತು 'ಭಾರ'ವೂ ಹಾಗೇ. ದಪ್ಪ ಅಕ್ಷರವನ್ನು ಚಿಕ್ಕದಾಗಿ ಹಾಕಿದಾಗ ಆ ಸೀಳಿನ ಸುತ್ತ ಶಾಯಿ ತುಂಬಿಕೊಂಡುಬಿಡುತ್ತದೆ. ಫ್ಲೆಕ್ಸುಗಳಲ್ಲಿ ಅಕ್ಷರದ ಸುತ್ತ ಬಿಳಿ ಔಟ್‌ಲೈನು, ಅದರ ಹಿಂದೆ ಇನ್ನೊಂದು ಕೆಂಪು ಔಟ್‌ಲೈನು, ಅದಕ್ಕೊಂದು ನೆರಳು ಹಾಕುತ್ತಾರೆ. ದೂರದಿಂದ ಓದಲಿ ಅಂತಲೇ ಹಾಕುವುದು. ಆದರೆ ಒಳಗಿನ ಸೀಳು, ಚುಕ್ಕೆ, ಸುಳಿ ಎಲ್ಲ ಮುಚ್ಚಿಹೋಗಿ ಓದುವುದು ಇನ್ನೂ ಕಷ್ಟವಾಗುತ್ತದೆ. ನಾಲ್ಕೈದು ಫಾಂಟಿನಲ್ಲಿ ಈ ನಾಲ್ಕು ಪದಗಳನ್ನು 8 ಪಾಯಿಂಟಿನಲ್ಲಿ ಪ್ರಿಂಟ್ ತೆಗೆದು ನೋಡಿ. ಯಾವ ಫಾಂಟ್ ಪುಸ್ತಕಕ್ಕೆ ಆಗುತ್ತದೆ, ಯಾವುದು ತಲೆಬರಹಕ್ಕೆ ಮಾತ್ರ ಅನ್ನುವುದು ತಾನೇ ಗೊತ್ತಾಗುತ್ತದೆ.

ಯಾವುದು ಮುಖ್ಯ, ಯಾವುದು ಆಮೇಲೆ ಅನ್ನುವುದನ್ನೂ ಅಕ್ಷರವೇ ಹೇಳಬೇಕು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅಂತ ಎರಡು ಬಗೆ ಇಲ್ಲ. ಓರೆ ಅಕ್ಷರವೂ ನಮ್ಮ ಬರಹದಲ್ಲಿ ಹುಟ್ಟಿದ್ದಲ್ಲ, ಸುಮ್ನೆ ವಾಲಿಸಿದರೆ ದುಂಡಗಿನ ಆಕಾರ ಕೆಡುತ್ತದೆ. ನಮಗೆ ಉಳಿದದ್ದು ಅಳತೆ, ದಪ್ಪ, ಬಣ್ಣ ಮತ್ತು ಖಾಲಿ ಜಾಗ. ಲಗ್ನಪತ್ರಿಕೆಯನ್ನೇ ತೆಗೆದುಕೊಳ್ಳಿ. ವಧೂವರರ ಹೆಸರು, ಮುಹೂರ್ತ, ಕಲ್ಯಾಣ ಮಂಟಪ ಇಷ್ಟು ಮೊದಲು ಕಣ್ಣಿಗೆ ಬೀಳಬೇಕು. ಎಲ್ಲವನ್ನೂ ದಪ್ಪ ಮಾಡಿದರೆ ಯಾವುದೂ ಕಾಣುವುದಿಲ್ಲ. ಹೆಸರಿನ ಸುತ್ತ ಎರಡು ಸಾಲಿನಷ್ಟು ಜಾಗ ಖಾಲಿ ಬಿಡಿ. ಮುಹೂರ್ತದ ದಿನ, ಸಮಯ, ಸ್ಥಳ ಒಟ್ಟಿಗೆ ಕೂರಲಿ.

ಇಂಗ್ಲಿಷ್ ತಲೆಬರಹದಲ್ಲಿ ಅಕ್ಷರಗಳನ್ನು ಬಿಡಿಬಿಡಿಯಾಗಿ ಹರಡುತ್ತಾರೆ. ಅದನ್ನು ನೋಡಿ ಕನ್ನಡಕ್ಕೂ ಮಾಡಬೇಡಿ. ಓತ್ವ, ದೀರ್ಘ ತನ್ನ ಅಕ್ಷರದಿಂದ ಕಿತ್ತು ದೂರ ನಿಂತರೆ ಓದುವವರ ಕಣ್ಣು ತಡವರಿಸುತ್ತದೆ.

ಕನ್ನಡದ ಪದಗಳು ಉದ್ದ ಅನ್ನುವುದನ್ನೂ ಮರೆಯಬೇಡಿ. 'ಹೋಗಬೇಕಾಗಿರುವುದರಿಂದ' ಅನ್ನುವುದು ಒಂದೇ ಪದ. ಸಣ್ಣ ಅಂಕಣದಲ್ಲಿ ಎರಡೂ ಅಂಚು ಸಮ ಮಾಡಲು ಹೋದರೆ ಪದಗಳ ನಡುವೆ ದೊಡ್ಡ ದೊಡ್ಡ ಸಂದು ಬೀಳುತ್ತದೆ. ಎಡಕ್ಕೆ ಮಾತ್ರ ಸಮ ಮಾಡಿ, ಬಲಗಡೆ ಏರುಪೇರು ಇರಲಿ. ಅದನ್ನು ತಪ್ಪು ಅಂದುಕೊಳ್ಳಬೇಡಿ.

ಕೊನೆಗೆ ಒಂದು ಕಂಪ್ಯೂಟರ್ ವಿಷಯ. ಯುನಿಕೋಡ್ ಕನ್ನಡವನ್ನು ತಂದು ಅಂಟಿಸಿದಾಗ 'ಶ್ರೀ' ಒಡೆದು 'ಶ್‌ರೀ' ಆಗುವುದನ್ನು ನೋಡಿರುತ್ತೀರಿ. ಬೋರ್ಡುಗಳ ಮೇಲೂ ಅದು ಹಾಗೇ ಬಂದುಬಿಡುತ್ತದೆ. ಇದು ಬಹಳ ಸಲ ಫಾಂಟಿನ ತಪ್ಪಲ್ಲ, ಸೆಟ್ಟಿಂಗ್ ತಪ್ಪು. ಪುಟ ಜೋಡಿಸುವ ಸಾಫ್ಟ್‌ವೇರ್ ಆದ ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಮೆನುವಿಗೆ ಹೋಗಿ 'ವರ್ಲ್ಡ್-ರೆಡಿ' ಕಂಪೋಸರ್, ಅಂದರೆ ಅಕ್ಷರ ಜೋಡಿಸುವ ವಿಧಾನ, ಆರಿಸಿ, ಒತ್ತು ತನ್ನ ಜಾಗಕ್ಕೆ ಬರುತ್ತದೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲೂ ಟೈಪ್ ಸೆಟ್ಟಿಂಗ್‌ನಲ್ಲಿ ಇಂಥದ್ದೇ ಆಯ್ಕೆ ಇತ್ತು.

ಅಭ್ಯಾಸಕ್ಕೆ ದುಡ್ಡು ಕೊಟ್ಟು ಫಾಂಟ್ ಕೊಳ್ಳಬೇಕಿಲ್ಲ. ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ, ಅನೇಕ್ ಕನ್ನಡ, ತಲೆಬರಹಕ್ಕೆ ಬಲೂ ತಮ್ಮ, ಇವೆಲ್ಲ ಉಚಿತವಾಗಿ ಸಿಗುತ್ತವೆ. ಈ ವಾರ ಮನೆಗೆ ಬಂದ ಯಾವುದಾದರೂ ಒಂದು ಆಮಂತ್ರಣ ಪತ್ರಿಕೆ ತೆಗೆದುಕೊಳ್ಳಿ. ಅದರ ಮಾತುಗಳನ್ನಷ್ಟೇ ಇಟ್ಟುಕೊಂಡು, ಒಂದೇ ಫಾಂಟ್, ಕಪ್ಪು ಬಣ್ಣ, ಮೂರೇ ಅಳತೆಯಲ್ಲಿ ಮತ್ತೆ ಜೋಡಿಸಿ. ಚಿತ್ರ ಬೇಡ, ಗಣಪತಿಯೂ ಆಮೇಲೆ ಬರಲಿ. ಪ್ರಿಂಟ್ ತೆಗೆದು ಮನೆಯ ಹಿರಿಯರ ಕೈಗೆ ಕೊಟ್ಟು, ಕನ್ನಡಕ ಇಲ್ಲದೆ ಎಷ್ಟು ಓದಲಾಗುತ್ತದೆ ಅಂತ ಕೇಳಿ. ನಮಸ್ಕಾರ.