ನನ್ನ ಹೊಲ, ನನ್ನ ಬೋರು

ಕೇಳುಗರಿಗೆ ನಮಸ್ಕಾರ.

ಕೋಲಾರದ ಕಡೆ ಬೋರ್ ಕೊರೆಸುವುದನ್ನು ನೋಡಿದ್ದೀರಾ? ನೀರಿನ ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಾರೆ. ಕಾಯಿ ಎದ್ದು ನಿಂತ ಕಡೆ ಪೂಜೆ. ಆಮೇಲೆ ರಿಗ್ ಲಾರಿ ಬರುತ್ತದೆ. ಮೊದಲು ಕೆಂಪು ಮಣ್ಣು ಏಳುತ್ತದೆ, ನಂತರ ಬರೀ ಕಲ್ಲಿನ ಪುಡಿ. ಸಾವಿರ ಅಡಿ ದಾಟಿದರೂ ಪುಡಿಯೇ ಹಾರುತ್ತಿದ್ದರೆ ಮನೆಯವರು ಯಾರೂ ಮಾತಾಡುವುದಿಲ್ಲ. ನೀರು ಬರಲಿ ಬಿಡಲಿ, ಅಡಿ ಲೆಕ್ಕದಲ್ಲಿ ದುಡ್ಡು ಎಣಿಸಲೇಬೇಕು.

ನನ್ನ ಹೊಲ, ನನ್ನ ಸಾಲ, ಕೇಳೋಕೆ ನೀವ್ಯಾರು ಅನ್ನಬಹುದು. 1882ರ ಈಸ್‌ಮೆಂಟ್ ಕಾಯ್ದೆಯೂ ಹೊಲದ ಕೆಳಗಿನ ನೀರನ್ನು ಹೊಲದವನಿಗೇ ಬಿಟ್ಟಿದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಬಿಲ್ಲೂ ಇಲ್ಲ. ಆದರೆ ನೀರು ಹರಿಯುವ ಬಂಡೆಯ ಬಿರುಕಿಗೆ ಸರ್ವೆ ನಂಬರ್ ಇಲ್ಲವಲ್ಲ! ಪಕ್ಕದವರು ಇನ್ನಷ್ಟು ಆಳಕ್ಕೆ ಹೋದರೆ ನನ್ನ ಮೋಟರು ಗಾಳಿ ಎಳೆಯುತ್ತದೆ. ಆಗ ಬೇಕೋ ಬೇಡವೋ ನಾನೂ ಕೊರೆಸಬೇಕು. ಇದನ್ನು ಸ್ವಾತಂತ್ರ್ಯ ಅನ್ನೋಕೆ ನನಗೆ ಬಾಯಿ ಬರುವುದಿಲ್ಲ.

ಹಿಂದೆ ಕೆರೆಗೆ ನೀರುಗಂಟಿ ಇದ್ದ. ತೂಬು ಎತ್ತುವುದು, ಸರದಿ ಪ್ರಕಾರ ಗದ್ದೆಗೆ ನೀರು ಹಾಯಿಸುವುದು ಅವನ ಕೆಲಸ. ಕೆರೆ ತುಂಬದ ವರ್ಷ ಎಷ್ಟು ಗದ್ದೆಗೆ ನೀರು ಅಂತ ಮೊದಲೇ ತೀರ್ಮಾನ ಆಗುತ್ತಿತ್ತು. ಹಾಗಂತ ಆ ಕಾಲವನ್ನು ಸುಮ್ನೆ ಹೊಗಳಬೇಕಿಲ್ಲ. ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತರು. ಅಚ್ಚುಕಟ್ಟಿನ ಒಳ್ಳೆಯ ಗದ್ದೆಗಳು ಬೇರೆಯವರ ಕೈಲಿದ್ದವು. ಕೆರೆಯಿಂದ ದೂರ, ಮಳೆ ನಂಬಿದ ಹೊಲದವರಿಗೆ ನೀರು ಅಂತ ಸಿಕ್ಕಿದ್ದೇ ಬೋರಿನಿಂದ. ಟೊಮೇಟೊ, ಹಿಪ್ಪುನೇರಳೆ, ಸೀಮೆಹಸುವಿನ ಹಾಲು, ಮಕ್ಕಳ ಕಾಲೇಜು ಫೀಸು ಎಲ್ಲ ಅಲ್ಲಿಂದಲೇ ಬಂದವು. ಬೋರನ್ನು ಬೈಯೋಕೆ ನನಗೆ ಮನಸ್ಸಿಲ್ಲ.

2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಶುದ್ಧಿ ಸಾಲದು ಅನ್ನುವ ತಕರಾರು ಇದ್ದೇ ಇದೆ. ನನ್ನ ಚಿಂತೆ ಬೇರೆ. ಕೆರೆ ತುಂಬಿತು, ಬೋರಿಗೂ ನೀರು ಬಂತು ಅಂತ ಎಲ್ಲರೂ ಮತ್ತೆ ಜಾಸ್ತಿ ಎತ್ತಿದರೆ?

ಪಕ್ಕದ ಆಂಧ್ರದ ಅನಂತಪುರ, ಚಿತ್ತೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ರೈತರೇ ಮಳೆ ಅಳೆದರು, ಬೋರಿಗೆ ಟೇಪು ಇಳಿಸಿ ನೀರಿನ ಮಟ್ಟ ಬರೆದಿಟ್ಟರು. ಹಿಂಗಾರಿಗೆ ಮುಂಚೆ ಊರವರೆಲ್ಲ ಕೂತು, ಇರುವ ನೀರೆಷ್ಟು, ಯಾವ ಬೆಳೆ ಎಷ್ಟು ಕುಡಿಯುತ್ತದೆ ಅಂತ ಲೆಕ್ಕ ಹಾಕಿದರು. ದಂಡ ಇಲ್ಲ, ಕಟ್ಟುಪಾಡಿಲ್ಲ. ಏನು ಬೆಳೆಯಬೇಕು ಅನ್ನುವುದು ಅವರವರ ಇಷ್ಟ. ಲೆಕ್ಕ ನೋಡಿದ ಮೇಲೆ ಎಷ್ಟೋ ಜನ ತಾವಾಗಿಯೇ ಭತ್ತ ಕಡಿಮೆ ಮಾಡಿದರು.