ಕಾಡು ಬಾ ಅಂದಾಗ

ನಮಸ್ಕಾರ.

ಹೋದ ವಾರ ಒಂದು ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುತ್ತಿದ್ದೆ. ಬೆನ್ನಿಗೆ ದೊಡ್ಡ ಚೀಲ, ಚೀಲದಲ್ಲಿ ಐದು ಕಿಲೋ ಸೋನಾಮಸೂರಿ ಅಕ್ಕಿ, ಎರಡು ಬಾಟಲಿ ನೀರು. ಎರಡೂ ಕೈಯಲ್ಲಿ ಕೋಲು. ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದ ಹೆಂಗಸೊಬ್ಬರು ನನ್ನನ್ನು ಕಂಡು ನಿಂತರು. "ಏನಮ್ಮಾ ಹರಕೆ?" ಅಂದರು. ಅಕ್ಕಿ ಹೊತ್ತುಕೊಂಡು ಬೆಟ್ಟ ಇಳಿಯುವ ಹರಕೆ ಅವರು ಕೇಳಿರಲಿಲ್ಲ, ಪಾಪ.

"ಹರಕೆ ಅಲ್ಲಮ್ಮಾ, ಪ್ರಾಕ್ಟೀಸು" ಅಂದೆ. ಅವರು ನಕ್ಕು ಮುಂದಿನ ಮೆಟ್ಟಿಲಿಗೆ ಬಗ್ಗಿದರು. ಯಾತಕ್ಕೆ ಪ್ರಾಕ್ಟೀಸು ಅಂತ ಅವರಿಗೆ ಹೇಳಲು ಪುರಸೊತ್ತಾಗಲಿಲ್ಲ. ಇವತ್ತು ನಿಮಗೆ ಹೇಳುತ್ತೇನೆ.

ನನಗೆ ಈಗ 64 ವರ್ಷ. ಅಮೆರಿಕದ ಮೇರಿಲ್ಯಾಂಡಿಗೆ ಹೋಗಿ ಮೂವತ್ತು ವರ್ಷ ದಾಟಿತು. ಅಲ್ಲೊಂದು ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಚಳಿಗಾಲಕ್ಕೆ ಮೈಸೂರಿಗೆ, ಅಕ್ಕನ ಮನೆಗೆ ಬರುತ್ತೇನೆ. ಬರುವ ಮೇ ತಿಂಗಳಲ್ಲಿ ಅಪಲಾಚಿಯನ್ ಟ್ರೇಲ್ ಎನ್ನುವ ಕಾಲುದಾರಿಯ ಒಂದು ತುಂಡನ್ನು ನಡೆಯಬೇಕು ಅಂತ ಹೊರಟಿದ್ದೇನೆ. ವರ್ಜೀನಿಯಾದ ಶೆನಾಂಡೋವಾ ರಾಷ್ಟ್ರೀಯ ಉದ್ಯಾನದೊಳಗಿನ ಭಾಗ ಅದು. ನೂರು ಮೈಲಿ ಚಿಲ್ಲರೆ, ಅಂದರೆ ಸುಮಾರು 160 ಕಿಲೋಮೀಟರ್. ಹದಿನಾಲ್ಕು ದಿನ.

ವಿಷಯ ಕೇಳಿದ ಅಕ್ಕ ಹೇಳಿದ್ದು ಒಂದೇ ಮಾತು. "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಅಂತ ಗಾದೆ ಇದೆ. ನೀನು ಅದನ್ನ ನಿಜ ಮಾಡೋಕೆ ಹೊರಟಿದ್ದೀಯಲ್ಲೇ!"

ಆ ದಾರಿ ಪೂರ್ತಿ ಎಷ್ಟುದ್ದ ಅಂತ ಕೇಳಿದರೆ ಅಕ್ಕನ ಗಾಬರಿ ಅರ್ಥವಾಗುತ್ತದೆ. ದಕ್ಷಿಣದಲ್ಲಿ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಉತ್ತರದಲ್ಲಿ ಮೇಯ್ನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ, 14 ರಾಜ್ಯ ದಾಟಿ, ಸುಮಾರು 3,500 ಕಿಲೋಮೀಟರ್. ಬೆಂಟನ್ ಮೆಕೈ ಎಂಬಾತ 1921ರಲ್ಲಿ ಇಂಥದೊಂದು ದಾರಿ ಬೇಕು ಅಂತ ಬರೆದ. 1937ಕ್ಕೆ ದಾರಿ ಪೂರ್ತಿಯಾಯಿತು. ಮರಗಳ ಮೇಲೆ ಎರಡಿಂಚು ಅಗಲ, ಆರಿಂಚು ಉದ್ದದ ಬಿಳಿ ಪಟ್ಟಿ ಬಳಿದಿರುತ್ತಾರೆ. ಅದನ್ನೇ ಹಿಡಿದು ಹೋಗಬೇಕು. ಒಂದರ ಮೇಲೊಂದು ಎರಡು ಪಟ್ಟಿ ಕಂಡರೆ ಹುಷಾರು, ತಿರುವು ಇದೆ ಅಂತ. ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲಿನ ಕುಂಕುಮ ನೋಡಿದಾಗಲೆಲ್ಲ ನನಗೆ ಆ ಬಿಳಿ ಪಟ್ಟಿಯ ನೆನಪು. ನಮಗಿಂತ ಮುಂಚೆ ಯಾರೋ ಇಲ್ಲಿ ನಡೆದು ಹೋಗಿದ್ದಾರೆ ಅನ್ನುವುದಕ್ಕೆ ಅದು ಗುರುತು, ಅಲ್ವಾ?

ಕೆಲವರು ಈ ದಾರಿಯನ್ನು ಒಂದೇ ಉಸಿರಿಗೆ ಐದಾರು ತಿಂಗಳಲ್ಲಿ ನಡೆದು ಮುಗಿಸುತ್ತಾರೆ. ನನ್ನಂಥವರು ತುಂಡು ತುಂಡಾಗಿ ನಡೆಯುತ್ತೇವೆ. ಈ ವರ್ಷ ನೂರು ಮೈಲಿ, ಮುಂದಿನ ವರ್ಷ ಇನ್ನೊಂದಷ್ಟು. ಸೆಕ್ಷನ್ ಹೈಕ್ ಅನ್ನುತ್ತಾರೆ. ಇಪ್ಪತ್ತು ವರ್ಷ ಹಿಡಿದರೂ ಪರವಾಗಿಲ್ಲ. ಪೂರ್ತಿ ಮುಗಿಸಿದರೆ ಒಂದೇ ಸಲ ನಡೆದವರಿಗೆ ಕೊಡುವ ಮನ್ನಣೆಯೇ ಇವರಿಗೂ ಸಿಗುತ್ತದೆ. ನಾನು ಅಷ್ಟು ದೂರದ ಲೆಕ್ಕ ಹಾಕಿಲ್ಲ ಬಿಡಿ.

ವಯಸ್ಸಾದ ಹೆಂಗಸು ಈ ದಾರಿಗೆ ಹೊರಟರೆ ಸಾಕು, ಎಲ್ಲರೂ ಒಬ್ಬ ಅಜ್ಜಿಯ ಹೆಸರು ಹೇಳುತ್ತಾರೆ. ಎಮ್ಮಾ ಗೇಟ್‌ವುಡ್. ಒಹಾಯೊದವರು, 11 ಮಕ್ಕಳ ತಾಯಿ. ಗಂಡನಿಂದ ಏಟು ತಿಂದು ತಿಂದು ಕೊನೆಗೆ ಬಿಟ್ಟು ಬಂದವರು. 1955ರಲ್ಲಿ, 67ನೇ ವಯಸ್ಸಿನಲ್ಲಿ, ಈ ದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲಿದುಕೊಂಡ ಬಟ್ಟೆ ಚೀಲ. ಟೆಂಟೂ ಇಲ್ಲ, ಮಳೆ ಬಂದರೆ ಹೊದೆಯಲು ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. 1957ರಲ್ಲಿ ಮತ್ತೊಮ್ಮೆ ನಡೆದರು. ಮೂರನೆಯ ಸಲ ತುಂಡು ತುಂಡಾಗಿ ನಡೆದು 1964ರಲ್ಲಿ ಮುಗಿಸಿದರು.

ಈ ಕಥೆ ಕೇಳಿ ನಾನೂ ಹುಮ್ಮಸ್ಸಿನಲ್ಲಿದ್ದೆ. ಆಮೇಲೆ ಅದರ ಹಿಂದಿನ ವರ್ಷದ ಕಥೆ ಓದಿದೆ. 1954ರಲ್ಲಿ ಅವರು ಉತ್ತರದ ತುದಿಯಿಂದ ಹೊರಟು, ಸ್ವಲ್ಪ ದಿನದಲ್ಲೇ ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು, ಮನೆಗೆ ವಾಪಸಾಗಿದ್ದರು. ನನಗೆ ಗೆದ್ದ ಕಥೆಗಿಂತ ಈ ಕಥೆಯೇ ಉಪಯೋಗಕ್ಕೆ ಬಂತು. ನನ್ನ ಚೀಲದಲ್ಲಿ ಈಗ ಎರಡನೇ ಕನ್ನಡಕ ಇದೆ. ಉಳಿದಂತೆ, ಆ ಅಜ್ಜಿಯ ಅಳತೆ ನನಗೆ ಸರಿಹೋಗುವುದಿಲ್ಲ. ಅವರು ಜೀವಮಾನವಿಡೀ ಹೊಲದಲ್ಲಿ ದುಡಿದವರು. ನಾನು ಸ್ಟೂಲ್ ಮೇಲೆ ಕೂತು ಮೈಕ್ರೋಸ್ಕೋಪ್ ನೋಡಿದವಳು.

ನನ್ನ ಅಳತೆ ಏನು ಅಂತ ಗೊತ್ತಾಗಿದ್ದು ಹೋದ ಅಕ್ಟೋಬರಿನಲ್ಲಿ. ಇದೇ ದಾರಿ ಮೇರಿಲ್ಯಾಂಡಿನಲ್ಲಿ 40 ಮೈಲಿಯಷ್ಟು ಹಾದುಹೋಗುತ್ತದೆ, ನಮ್ಮ ಮನೆಯಿಂದ ಒಂದು ಗಂಟೆ ದೂರ. ಎರಡು ರಾತ್ರಿ ಇದ್ದು ಬರೋಣ ಅಂತ ಹೊರಟೆ. ಚೀಲ ಹದಿನಾಲ್ಕೂವರೆ ಕಿಲೋ! ನಾನೇ 56 ಕಿಲೋ. ಮೈತೂಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೊರಬೇಡಿ ಅಂತ ಅನುಭವಸ್ಥರು ಹೇಳುತ್ತಾರೆ, ಅಂದರೆ ನನಗೆ ಹನ್ನೊಂದು ಕಿಲೋ. ಅದರೊಳಗೆ ಏನಿತ್ತು ಕೇಳಬೇಡಿ. ಸ್ಟೀಲ್ ಡಬ್ಬಿ ಎರಡು. ಯಾರಾದರೂ ಜೊತೆಗೆ ಸಿಕ್ಕರೆ ಇರಲಿ ಅಂತ ಇನ್ನೊಂದು ಲೋಟ. ನಾಲ್ಕು ಜನಕ್ಕಾಗುವಷ್ಟು ಅವಲಕ್ಕಿ. ಅಡುಗೆಮನೆಯಲ್ಲಿ ನಲವತ್ತು ವರ್ಷ ಕಣ್ಣಳತೆಯಲ್ಲೇ ಹಾಕಿದವಳು ನಾನು, ಯಾರು ಬಂದರೂ ಒಂದು ಹಿಡಿ ಜಾಸ್ತಿಯೇ ಇರಬೇಕು. ಚೀಲಕ್ಕೂ ಅದೇ ಕೈ ಹೋಯಿತು.

ಹತ್ತುವಾಗ ಏದುಸಿರು ಬಂತು, ನಿಂತು ನಿಂತು ಹತ್ತಿದೆ. ಇಳಿಯುವಾಗಲೇ ತೊಂದರೆಯಾಗಿದ್ದು. ಇಳಿಜಾರಿನಲ್ಲಿ ತೊಡೆಯ ಸ್ನಾಯುಗಳು ಬ್ರೇಕ್ ಥರ ಕೆಲಸ ಮಾಡಬೇಕು. ಅವಕ್ಕೆ ಅಭ್ಯಾಸ ಇಲ್ಲದಿದ್ದರೆ ಭಾರವೆಲ್ಲ ಮಂಡಿಗೆ ಬೀಳುತ್ತದೆ. ಶೂ ಸರಿಯಾಗಿ ಬಿಗಿದಿರಲಿಲ್ಲ, ಪಾದ ಮುಂದೆ ಜಾರಿ ಜಾರಿ ಎರಡು ಹೆಬ್ಬೆರಳಿನ ಉಗುರೂ ಕಪ್ಪಾದವು. ರಾತ್ರಿ ಟೆಂಟಿನಲ್ಲಿ ಮಲಗಿದವಳಿಗೆ ಬೆಳಿಗ್ಗೆ ನೆಲದಿಂದ ಏಳಲಾಗಲಿಲ್ಲ. ಮಗ್ಗುಲಾಗಿ, ಮಂಡಿಯೂರಿ, ಮರ ಹಿಡಿದು ಎದ್ದೆ. ಎರಡನೇ ರಾತ್ರಿ ಇರಲಿಲ್ಲ. ನಮ್ಮ ಯಜಮಾನರಿಗೆ ಫೋನ್ ಮಾಡಿ ಕಾರು ತರಿಸಿಕೊಂಡೆ. ಮನೆಗೆ ಬರುವವರೆಗೆ ಅವರೊಂದು ಮಾತೂ ಆಡಲಿಲ್ಲ. ಅದಕ್ಕೆ ಅವರಿಗೆ ನನ್ನ ಥ್ಯಾಂಕ್ಸು.

ಆವತ್ತಿಂದ ಶುರು ನೋಡಿ ನಿಜವಾದ ತಯಾರಿ. ಮೊದಲು ಡಾಕ್ಟರ ಹತ್ತಿರ ಹೋಗಿ ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸಿದೆ. ಮುಟ್ಟು ನಿಂತ ಮೇಲೆ ನಮ್ಮ ಮೂಳೆ ಬೇಗ ಸವೆಯುತ್ತದೆ. ಕಾಡಿನಲ್ಲಿ ಬಿದ್ದ ಮೇಲೆ ಅದು ಗೊತ್ತಾದರೆ ಏನು ಬಂತು? ಫಿಸಿಯೋಥೆರಪಿಸ್ಟ್ ಒಬ್ಬರು ಎರಡೇ ಅಭ್ಯಾಸ ಹೇಳಿಕೊಟ್ಟರು. ಒಂದು, ಮೆಟ್ಟಿಲಿನ ಮೇಲೆ ಒಂದು ಕಾಲಲ್ಲಿ ನಿಂತು ಇನ್ನೊಂದು ಕಾಲನ್ನು ನಿಧಾನವಾಗಿ, ಐದು ಎಣಿಸುವಷ್ಟು ಹೊತ್ತು, ಕೆಳಗೆ ಇಳಿಸುವುದು. ಇನ್ನೊಂದು, ಚೀಲ ಹೊತ್ತುಕೊಂಡೇ ನೆಲದ ಮೇಲೆ ಕೂತು ಏಳುವುದು. ಎರಡನೆಯದು ನೋಡಲು ಚೆನ್ನಾಗಿರುವುದಿಲ್ಲ, ಬಾಗಿಲು ಹಾಕಿಕೊಂಡು ಮಾಡಿ. ಮೈಸೂರಿಗೆ ಬಂದ ಮೇಲಂತೂ ಸಾವಿರ ಮೆಟ್ಟಿಲಿನ ಬೆಟ್ಟವೇ ಇದೆ. ಎರಡು ಕೋಲು ಹಿಡಿದರೆ ಸ್ವಲ್ಪ ಭಾರ ಕೈಗೂ ಹೋಗುತ್ತದೆ, ಮಂಡಿ ಬದುಕಿಕೊಳ್ಳುತ್ತದೆ. ಶೂ ಈಗ ಒಂದು ಸೈಜ್ ದೊಡ್ಡದು, ಯಾಕೆಂದರೆ ದಿನವಿಡೀ ನಡೆದರೆ ಪಾದ ಊದಿಕೊಳ್ಳುತ್ತದೆ.

ಚೀಲಕ್ಕೆ ಅಡುಗೆಮನೆಯ ತಕ್ಕಡಿ ತಂದೆ. ಹಲ್ಲುಜ್ಜುವ ಬ್ರಷ್‌ನಿಂದ ಹಿಡಿದು ಎಲ್ಲವನ್ನೂ ತೂಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಡಬ್ಬಿ ಹೋಯಿತು, ಪ್ಲಾಸ್ಟಿಕ್ ಕವರ್ ಬಂತು. ಎರಡನೇ ಲೋಟ ಹೋಯಿತು, ಮನಸ್ಸಿಗೆ ಕಷ್ಟವಾಯಿತು. ಈಗ ನಾಲ್ಕು ದಿನದ ಊಟ, ಒಂದೂವರೆ ಲೀಟರ್ ನೀರು ಸೇರಿ ಹತ್ತು ಕಿಲೋ. ನೀರನ್ನು ಇದಕ್ಕಿಂತ ಜಾಸ್ತಿ ಹೊರಬೇಕಿಲ್ಲ. ದಾರಿಯಲ್ಲಿ ಒರತೆ, ತೊರೆ ಸಿಗುತ್ತವೆ, ಅಂಗೈ ಅಗಲದ ಫಿಲ್ಟರಿನಲ್ಲಿ ಸೋಸಿ ಕುಡಿಯಬಹುದು.

ಊಟದ ವಿಷಯದಲ್ಲಿ ಮಾತ್ರ ನಮ್ಮವರು ಗೆದ್ದರು. ಅಲ್ಲಿನ ಅಂಗಡಿಗಳಲ್ಲಿ ಒಣಗಿಸಿದ ಊಟದ ಪೊಟ್ಟಣ ಸಿಗುತ್ತದೆ. ದುಬಾರಿ, ರುಚಿಯೂ ಅಷ್ಟಕ್ಕಷ್ಟೆ. ನಮ್ಮ ರಾಗಿ ಹುರಿಹಿಟ್ಟು ನೋಡಿ, ಒಲೆ ಬೇಡ, ಬೆಲ್ಲ ಹಾಕಿ ನೀರಲ್ಲಿ ಕಲಸಿದರೆ ಮುಗಿಯಿತು. ತೆಳು ಅವಲಕ್ಕಿಗೆ ತಣ್ಣೀರು, ಪುಳಿಯೋಗರೆ ಗೊಜ್ಜು. ಕೊಬ್ಬರಿ, ಕಡಲೆಕಾಯಿ. ಹೊಲಕ್ಕೆ, ದೂರದ ಜಾತ್ರೆಗೆ ಬುತ್ತಿ ಕಟ್ಟಿದವರು ಇದನ್ನೆಲ್ಲ ಯಾವತ್ತೋ ಕಂಡುಕೊಂಡಿದ್ದರು.

ಒಂದೇ ಎಚ್ಚರ. ಶೆನಾಂಡೋವಾದಲ್ಲಿ ಕಪ್ಪು ಕರಡಿಗಳಿವೆ. ಅವು ಮನುಷ್ಯರ ತಂಟೆಗೆ ಬರುವುದು ಕಡಿಮೆ, ವಾಸನೆಗೆ ಬರುತ್ತವೆ. ರಾತ್ರಿ ಊಟದ ಚೀಲವನ್ನು ಟೆಂಟಿನಿಂದ ದೂರ, ಎತ್ತರಕ್ಕೆ ಕಟ್ಟಬೇಕು. ತಂಗುವ ಗುಡಿಸಲುಗಳ ಹತ್ತಿರ ಅದಕ್ಕೆಂದೇ ಕಬ್ಬಿಣದ ಕಂಬ ಇರುತ್ತದೆ. ಊಟವಷ್ಟೇ ಸಾಲದು, ಸೋಪು, ಟೂತ್‌ಪೇಸ್ಟು ಕೂಡ. ಇಂಗು ಹಾಕಿದ ಚಟ್ನಿಪುಡಿಯೂ ಕಂಬಕ್ಕೆ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯೂ ಕಂಬಕ್ಕೆ. ನಿಜ ಹೇಳಬೇಕೆಂದರೆ ನನಗೆ ಕರಡಿಗಿಂತ ಉಣ್ಣಿಯ ಭಯವೇ ಜಾಸ್ತಿ. ಎಳ್ಳಿನಷ್ಟು ಇರುತ್ತದೆ, ಕಚ್ಚಿದರೆ ಲೈಮ್ ಅನ್ನುವ ಕಾಯಿಲೆ ಬರಬಹುದು. ಬಟ್ಟೆಗೆ ಪರ್ಮೆಥ್ರಿನ್ ಅನ್ನುವ ಔಷಧಿ ಹೊಡೆದು ಒಣಗಿಸಿಕೊಂಡು ಹೋಗಬೇಕು, ದಿನಾ ರಾತ್ರಿ ಮೈಯೆಲ್ಲ ಹುಡುಕಬೇಕು. ಬೆನ್ನು ಕಾಣಲಿ ಅಂತ ಒಂದು ಪುಟ್ಟ ಕನ್ನಡಿ ಇಟ್ಟುಕೊಂಡಿದ್ದೇನೆ, 20 ಗ್ರಾಂ.

ಇನ್ನೊಂದು ವಿಷಯ. ಗಂಡಸರ ಮಾತಿನಲ್ಲಿ ಇದು ಬರುವುದೇ ಇಲ್ಲ, ನಾನೇ ಹೇಳಿಬಿಡುತ್ತೇನೆ. ಪ್ರಯಾಣ ಅಂದರೆ ನಾವು ಹೆಣ್ಣುಮಕ್ಕಳು ಮೊದಲು ಮಾಡುವುದು ನೀರು ಕುಡಿಯುವುದನ್ನು ನಿಲ್ಲಿಸುವುದು. ಬಸ್ಸು ಎಲ್ಲಿ ನಿಲ್ಲುತ್ತದೋ, ಅಲ್ಲಿ ಏನಿರುತ್ತದೋ ಅಂತ. ಚಿಕ್ಕಂದಿನಿಂದ ಬಂದ ಈ ಅಭ್ಯಾಸ ಕಾಡಿನಲ್ಲಿ ಅಪಾಯ. ನೀರು ಕಡಿಮೆಯಾದರೆ ತಲೆ ಸುತ್ತುತ್ತದೆ, ಬಿ.ಪಿ. ಮಾತ್ರೆ ತಗೊಳ್ಳುವವರಿಗಂತೂ ಇನ್ನೂ ಕಷ್ಟ. ಅಕ್ಟೋಬರಿನಲ್ಲಿ ನಾನೂ ಕುಡಿದಿರಲಿಲ್ಲ. ಈಗ ದಿನಾ ಬೆಟ್ಟದ ಮೇಲೆ ಗಂಟೆ ನೋಡಿಕೊಂಡು ಕುಡಿಯುತ್ತೇನೆ. ಕೆಮ್ಮಿದರೆ, ಸೀನಿದರೆ ಒಂದೆರಡು ಹನಿ ಹೋಗುವ ತೊಂದರೆ ನಮ್ಮ ವಯಸ್ಸಿನಲ್ಲಿ ತುಂಬಾ ಜನಕ್ಕೆ ಇದೆ. ಅದಕ್ಕೆ ಮೂತ್ರಕೋಶವನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುಗಳ ವ್ಯಾಯಾಮ ಇದೆ, ಡಾಕ್ಟರನ್ನು ಕೇಳಿ, ನಾಚಿಕೆ ಬೇಡ. ಕಾಡಿನಲ್ಲಿ ಶೌಚಕ್ಕೆ ಹೋದರೆ ನೀರಿನಿಂದ ಎಪ್ಪತ್ತು ಹೆಜ್ಜೆ ದೂರ, ಆರಿಂಚು ಆಳದ ಗುಂಡಿ ತೋಡಿ, ಆಮೇಲೆ ಮುಚ್ಚಬೇಕು. ಕುಕ್ಕರುಗಾಲಲ್ಲಿ ಕೂರುವುದು ಅಲ್ಲಿನವರಿಗೆ ದೊಡ್ಡ ಪಾಠ. ನಮಗೆ ಅದೊಂದು ಮೊದಲಿಂದಲೇ ಬರುತ್ತದೆ.

ಈ ಭಾಗವನ್ನೇ ಯಾಕೆ ಆರಿಸಿದೆ? ಸ್ಕೈಲೈನ್ ಡ್ರೈವ್ ಅನ್ನುವ ರಸ್ತೆ ಕಾಲುದಾರಿಯ ಪಕ್ಕದಲ್ಲೇ ಸಾಗುತ್ತದೆ, ಮತ್ತೆ ಮತ್ತೆ ಅಡ್ಡ ಸಿಗುತ್ತದೆ. ಮಂಡಿ ಕೈಕೊಟ್ಟರೆ ರಸ್ತೆಗೆ ಬಂದು ಕೂರಬಹುದು. ನಡುವೆ ಬಿಗ್ ಮೆಡೋಸ್ ಅನ್ನುವ ಕಡೆ ವಸತಿಗೃಹ ಇದೆ, ಅಲ್ಲಿ ಒಂದು ದಿನ ಪೂರ್ತಿ ರಜೆ, ಬಿಸಿನೀರಿನ ಸ್ನಾನ. ಫೋನ್ ಸಿಗ್ನಲ್ ನಂಬುವ ಹಾಗಿಲ್ಲ ಅಂತ ಮಗಳು ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರ ಕೊಡಿಸಿದ್ದಾಳೆ. ದಿನಕ್ಕೆ ಎಂಟು ಮೈಲಿ ನನ್ನ ಲೆಕ್ಕ, ಚೀಲ ಹೊತ್ತು ಗಂಟೆಗೆ ಒಂದೂವರೆ ಮೈಲಿ. ಕೆಲವು ಗುಡಿಸಲುಗಳ ನಡುವೆ ಹನ್ನೆರಡು ಹದಿಮೂರು ಮೈಲಿ ಇದೆ. ಅಂಥ ಕಡೆ ಹರೆಯದ ಹುಡುಗರಾದರೆ ಒಂದೇ ದಿನಕ್ಕೆ ಮುಂದಿನ ಗುಡಿಸಲು ಸೇರುತ್ತಾರೆ, ನಾನು ನಡುವೆ ಟೆಂಟ್ ಹಾಕುತ್ತೇನೆ. ಅದಕ್ಕೆ ಬೇಕಾದ ಪರ್ಮಿಟ್ಟನ್ನೂ ಮೊದಲೇ ಮಾಡಿಸುತ್ತೇನೆ.

ಮೊನ್ನೆ ಅಕ್ಕ ಒಂದು ಕಿಲೋ ಹುರಿಹಿಟ್ಟು ಮಾಡಿ ತಂದಳು. ತಕ್ಕಡಿಗೆ ಇಟ್ಟೆ. ಆರುನೂರು ಗ್ರಾಂ ಸಾಕು ಅಂದೆ. ಮುಖ ಊದಿಸಿಕೊಂಡಳು. ಆಮೇಲೆ ಎರಡು ದಿನ ಬಿಟ್ಟು, "ನಾಳೆ ನಾನೂ ಬೆಟ್ಟಕ್ಕೆ ಬರ್ತೀನಿ ಕಣೇ" ಅಂದಳು. ಅವಳಿಗೆ ಎಪ್ಪತ್ತು ವರ್ಷ, ಮೆಟ್ಟಿಲು ಹತ್ತಿ ಇಪ್ಪತ್ತು ವರ್ಷವಾಗಿತ್ತು. ನಂದಿಯವರೆಗೆ ಬಂದಳು, ಏಳುನೂರು ಮೆಟ್ಟಿಲು. ಅಲ್ಲೇ ಕಟ್ಟೆಯ ಮೇಲೆ ಕೂತು ನೀರು ಕುಡಿದಳು.

"ಉಳಿದದ್ದು?" ಅಂದೆ.

"ಉಳಿದದ್ದು ನೀನು ಮುಂದಿನ ಚಳಿಗಾಲಕ್ಕೆ ಬಂದಾಗ" ಅಂದಳು.

ನಮಸ್ಕಾರ.